ರಿಯೋದ ದೇವಕಣಗಿಲೆ ಮರದಲ್ಲಿ ಬರೋ ಹುಳ

ಊರಲ್ಲಿ ದೇವಸ್ಥಾನದ ಅಂಗಳದಲ್ಲಿ ಇರುತ್ತಲ್ಲ ದೇವಕಣಗಿಲೆ, ಅದು ಇಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲೂ ಎಲ್ಲಾ ಕಡೆ ಇದೆ, ಅಸಲಿಗೆ ಅದರ ತವರೇ ಅಮೆರಿಕ ಖಂಡಗಳು, ಮೆಕ್ಸಿಕೋ, ಮಧ್ಯ ಅಮೆರಿಕ ಕಡೆ. ಮರ ಸಮುದ್ರ ದಾಟಿ ನಮ್ಮೂರಿಗೆ ಬಂತು, ಆದ್ರೆ ಅದನ್ನ ತಿನ್ನೋ ಹುಳ ಬರ್ಲಿಲ್ಲ. ಅದನ್ನ ನಾನು ನೋಡಿದ್ದು ಇಲ್ಲೇ, ನಮ್ಮ ಅಪಾರ್ಟ್‌ಮೆಂಟ್ ಗೇಟ್ ಹತ್ರ.

ಏನ್ ಚೆಂದ ಅಂತೀರಾ! ಕಡುಗಪ್ಪು ಮೈ, ಉದ್ದಕ್ಕೂ ಹಳದಿ ಬಳೆ ತೊಡಿಸಿದ ಹಾಗೆ ಪಟ್ಟಿ, ಕೆಂಪು ಕಿತ್ತಳೆ ತಲೆ, ಬಲಿತಿದ್ದು ಹತ್ತಿರ ಹತ್ತಿರ ಅರ್ಧ ಅಡಿ ಉದ್ದ. ಎಲೆ ಅಂಚು ಹಿಡ್ಕೊಂಡು ಕಡೀತಾ ಹೋದ್ರೆ ಬಿಳೀ ಹಾಲು ತೊಟ್ಟಿಕ್ಕುತ್ತೆ, ಅದಕ್ಕೇನೂ ಲೆಕ್ಕಾನೇ ಇಲ್ಲ. ಕಡ್ಡೀಲಿ ಮುಟ್ಟಿದ್ರೆ ಮುಂದಿನ ಮೈನ ರಪ್ ಅಂತ ಆಕಡೆ ಈಕಡೆ ಬೀಸುತ್ತೆ, ಕಚ್ಚೋದೂ ಉಂಟು. ವೀಡಿಯೋ ಕಾಲಲ್ಲಿ ತೋರಿಸಿದಾಗ ಅಮ್ಮ "ಅಯ್ಯೋ ಹಾವಿನ ಮರಿ ಇದ್ದಂಗಿದೆ ಕಣೋ, ದೂರ ಬಾ" ಅಂದ್ರು. ಅಮ್ಮ ಹೇಳಿದ್ದು ಸರಿನೇ, ಈ ಖಂಡದಲ್ಲಿ ಕೋರಲ್ ಸ್ನೇಕ್ ಅಂತ ಪಟ್ಟೆ ಪಟ್ಟೆ ವಿಷದ ಹಾವಿದೆ, ಈ ಹುಳದ ಬಣ್ಣ ಅದರ ಅನುಕರಣೆ ಇರಬಹುದು ಅಂತ ಡೇನಿಯಲ್ ಜಾನ್ಜೆನ್ ಅನ್ನೋ ವಿಜ್ಞಾನಿ 1980ರಲ್ಲೇ ಬರೆದಿದ್ದಾರೆ.

ಈ ಹುಳದ ಹೆಸರು ಸ್ಯೂಡೋಸ್ಫಿಂಕ್ಸ್ ಟೆಟ್ರಿಯೋ, ಹಾಕ್‌ಮಾತ್ ಅನ್ನೋ ಪತಂಗಗಳ ಕುಟುಂಬದ್ದು. ಫ್ಲೋರಿಡಾ, ಟೆಕ್ಸಾಸ್‌ನಿಂದ ಹಿಡಿದು ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಪರಾಗ್ವೆ, ಅರ್ಜೆಂಟೀನಾದ ಉತ್ತರದ ತನಕ ಸಿಗುತ್ತೆ. ಹೆಣ್ಣು ಎಲೆ ಮೇಲೆ ಒಂದೇ ಗುಂಪಲ್ಲಿ 50ರಿಂದ 100 ಮೊಟ್ಟೆ ಇಡುತ್ತೆ, ಮರಿಗಳು ಗುಂಪಾಗೇ ತಿಂದು ದೊಡ್ಡವಾಗ್ತವೆ, ಬಲಿತ ಮೇಲೆ ಮರ ಇಳಿದು ತರಗೆಲೆ ನಡುವೆ ಕೆಂಗಂದು ಬಣ್ಣದ ಕೋಶ ಆಗಿ ಕೂರ್ತವೆ. ಅಲ್ಲಿಂದ ಬರೋ ಪತಂಗಕ್ಕೆ ಆ ಬಣ್ಣ ಒಂಚೂರೂ ಇಲ್ಲ, ಬೂದು ಕಂದು ರೆಕ್ಕೆ, ಅಲ್ಲಲ್ಲಿ ಬಿಳಿ ಮಚ್ಚೆ, ಬಿಚ್ಚಿದ್ರೆ 5 ಇಂಚು ಅಗಲ, ತೊಗಟೆ ಮೇಲೆ ಕೂತ್ರೆ ಕಣ್ಣಿಗೇ ಬೀಳಲ್ಲ. ಹೆಣ್ಣು ಸ್ವಲ್ಪ ದೊಡ್ಡದು, ಬಣ್ಣ ಇನ್ನೂ ಮಾಸಲು.

ಮರ ಬೋಳಾಯ್ತು ಅಂತ ಇಲ್ಲಿ ಕೆಲವರು ಔಷಧಿ ಹೊಡೀತಾರೆ, ನಂಗೆ ಹೊಟ್ಟೆ ಉರಿಯುತ್ತೆ, ಗಟ್ಟಿ ಮರ ಅದು, ಮತ್ತೆ ಚಿಗುರುತ್ತೆ. ನಮ್ಮ ಬಿಲ್ಡಿಂಗ್‌ನವರಿಗೆ ಅದನ್ನೇ ಹೇಳಿ ಒಪ್ಪಿಸಿದೀನಿ. ಈ ಕಡೆ ಯಾರಾದ್ರೂ ಬಂದ್ರೆ ಅಲಮಾಂಡಾ ಬಳ್ಳೀನೂ ನೋಡಿ, ಅದರಲ್ಲೂ ಸಿಗ್ತವೆ.