ಡಿಸ್ಟಿಲ್ಡ್ ನೀರಿನಲ್ಲಿ ಬಂದ ರಿಕವರಿ ಬೋರ್‌ವೆಲ್ ನೀರಿನಲ್ಲಿ ಯಾಕೆ ಬರುವುದಿಲ್ಲ?

ಗ್ಲೈಫೋಸೇಟ್ ಎಂಬ ಕಳೆನಾಶಕದ ಪರೀಕ್ಷೆ ಶುರುಮಾಡುವ ಲ್ಯಾಬ್‌ನವರೆಲ್ಲ ಕೇಳುವುದು ಇದನ್ನೇ: "ಡಿಸ್ಟಿಲ್ಡ್ ನೀರಿನಲ್ಲಿ ರಿಕವರಿ ಶೇ. 95 ಬಂತು, ಬೋರ್‌ವೆಲ್ ನೀರಿನಲ್ಲಿ 40. ಮಷಿನ್ ಕೆಟ್ಟಿದೆಯಾ?" (ನೀರಿಗೆ ನಾವೇ ಬೆರೆಸಿದ ಗ್ಲೈಫೋಸೇಟ್‌ನಲ್ಲಿ ಎಷ್ಟು ಪಾಲು ಪರೀಕ್ಷೆಯಲ್ಲಿ ಮರಳಿ ಸಿಕ್ಕಿತು ಎಂಬುದೇ ರಿಕವರಿ.)

ಮಷಿನ್ ಮೇಲೆ ಅನುಮಾನ ಪಡುವ ಮೊದಲು ನೀರಿನ ಗಡಸುತನ ಅಳೆಯಿರಿ. ಗ್ಲೈಫೋಸೇಟ್ ಕ್ಯಾಲ್ಸಿಯಂ, ಮೆಗ್ನೀಶಿಯಂಗೆ ಅಂಟಿಕೊಳ್ಳುವ ಅಣು. (ಗಡಸು ನೀರಿನಲ್ಲಿ ಕಲಸಿ ಸಿಂಪಡಿಸಿದಾಗ ಕಳೆ ಸರಿಯಾಗಿ ಸಾಯದಿರುವುದಕ್ಕೂ ಇದೇ ಕಾರಣ.) ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಬೇರೆ ನೀರಿಲ್ಲದ ಕಡೆ ಲೀಟರಿಗೆ 600 ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಗಡಸುತನದವರೆಗೆ ಕುಡಿಯಬಹುದು, ಅಂದರೆ 6 ಮಿಲಿಮೋಲ್. ಅದೇ ಲೀಟರಿನಲ್ಲಿ ನಾವು ಹುಡುಕುವ 1 ಮೈಕ್ರೋಗ್ರಾಂ ಗ್ಲೈಫೋಸೇಟ್ ಸುಮಾರು 6 ನ್ಯಾನೋಮೋಲ್. ಒಂದೊಂದು ಅಣುವಿನ ಸುತ್ತ ಹತ್ತು ಲಕ್ಷ ಲೋಹದ ಅಯಾನು! ಹೀಗೆ ಅಂಟಿಕೊಂಡ ಅಣುವಿನ ಜೊತೆ ಎಫ್‌ಎಂಒಸಿ (ಗ್ಲೈಫೋಸೇಟನ್ನು ಮಷಿನ್‌ಗೆ ಕಾಣುವಂತೆ ಮಾಡಲು ಅದಕ್ಕೆ ಜೋಡಿಸುವ ರಾಸಾಯನಿಕ) ಸರಿಯಾಗಿ ಕೂಡುವುದಿಲ್ಲ, ಅಳೆಯುವ ಮಷಿನ್ ಎಲ್‌ಸಿ-ಎಂಎಸ್/ಎಂಎಸ್‌ನಲ್ಲಿ ಪೀಕ್ ಕುಗ್ಗುತ್ತದೆ.

ಆದ್ದರಿಂದ ಮೊದಲು ಬಂಧ ಬಿಡಿಸಬೇಕು. ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿ 10 ಮಿಲಿ ನೀರು, ಅದಕ್ಕೆ ಐಸೋಟೋಪ್ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆಂದು ಗೊತ್ತಿರುವಷ್ಟು ಹಾಕುವ, ಭಾರದ ಐಸೋಟೋಪ್ ಇರುವ ಗ್ಲೈಫೋಸೇಟ್), ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 1ಕ್ಕೆ ಇಳಿಸಿ ಒಂದು ಗಂಟೆ ಬಿಡಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ತಟಸ್ಥ ಮಾಡಿ, ಇಡಿಟಿಎ, ಪಿಎಚ್ 9ರ ಬೋರೇಟ್ ಬಫರ್ ಸೇರಿಸಿ. ಪಿಎಚ್ ಏರಿದಾಗ ಮತ್ತೆ ಅಂಟಲು ಬರುವ ಕ್ಯಾಲ್ಸಿಯಂ ಅನ್ನು ಇಡಿಟಿಎ ತಡೆಹಿಡಿಯುತ್ತದೆ. ಆಮೇಲೆ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದ ಎಫ್‌ಎಂಒಸಿ ಹಾಕಿ, ಕತ್ತಲಲ್ಲಿಟ್ಟು, ಕೊನೆಗೆ ಆಮ್ಲದಿಂದ ಪಿಎಚ್ 3ಕ್ಕೆ ತಂದು ಕ್ರಿಯೆ ನಿಲ್ಲಿಸಿ. ಆಗ ಹಾಲಿನಂತೆ ಕದಡಿದರೆ ಅದು ಉಳಿದ ಎಫ್‌ಎಂಒಸಿಯ ಗಸಿ. ಶೋಧಿಸದೆ ಇಂಜೆಕ್ಟ್ ಮಾಡಿದರೆ ಕಾಲಮ್ ಕಟ್ಟಿಕೊಳ್ಳುತ್ತದೆ. ಚರಂಡಿ ಸೇರುವ ಕೆರೆಯ ನೀರಾದರೆ ಅಮೋನಿಯಾ, ಅಮೈನುಗಳೂ ಎಫ್‌ಎಂಒಸಿ ತಿನ್ನುತ್ತವೆ. ಪ್ರಮಾಣ ಹೆಚ್ಚಿಸಿಯೇ ನೋಡಬೇಕು.

ವ್ಯಾಲಿಡೇಶನ್ ಮಾಡುವಾಗ, ಅಂದರೆ ವಿಧಾನ ಸರಿಯಿದೆಯೇ ಎಂದು ಪರೀಕ್ಷಿಸುವಾಗ, ಗ್ಲೈಫೋಸೇಟ್ ಇಲ್ಲವೆಂದು ಖಚಿತವಾದ ಬೋರ್‌ವೆಲ್ ನೀರಿಗೇ ಸ್ಪೈಕ್ ಮಾಡಿ (ಗೊತ್ತಿರುವಷ್ಟು ಗ್ಲೈಫೋಸೇಟ್ ಬೆರೆಸಿ). ಮಾಡಿದ ತಕ್ಷಣ ಪರೀಕ್ಷೆಗೆ ಇಳಿಯಬೇಡಿ, ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಅಂಟಿಕೊಳ್ಳಲು ಸಮಯವನ್ನೇ ಕೊಡದೆ ಪಡೆದ ಒಳ್ಳೆಯ ರಿಕವರಿಯನ್ನು ನಂಬುವಂತಿಲ್ಲ. ಎಲ್‌ಒಕ್ಯೂ (ನಂಬಿಕೆಯಿಂದ ಅಳೆಯಬಹುದಾದ ಕನಿಷ್ಠ ಪ್ರಮಾಣ) ಮಟ್ಟದಲ್ಲಿ ಐದು ಮಾದರಿ, ಅದರ ಹತ್ತು ಪಟ್ಟಿನಲ್ಲಿ ಐದು ಮಾಡಿ; ರಿಕವರಿಯ ಸರಾಸರಿ ಶೇ. 70ರಿಂದ 120ರೊಳಗೆ, ಆರ್‌ಎಸ್‌ಡಿ (ಫಲಿತಾಂಶಗಳ ಏರಿಳಿತ) ಶೇ. 20 ಮೀರದಂತೆ ಇರಲಿ.

ಇಂಟರ್ನಲ್ ಸ್ಟ್ಯಾಂಡರ್ಡ್‌ನ ಆಧಾರದ ಮೇಲೆ ತಿದ್ದಿದ ರಿಕವರಿ ಶೇ. 100 ಬಂತೆಂದು ಅಲ್ಲಿಗೇ ಬಿಡಬೇಡಿ. ಇಂಟರ್ನಲ್ ಸ್ಟ್ಯಾಂಡರ್ಡ್‌ನ ಪೀಕ್ ಏರಿಯಾ ನೋಡಿ. ಅದು ಡಿಸ್ಟಿಲ್ಡ್ ನೀರಿನಲ್ಲಿದ್ದುದರ ಮೂರನೇ ಒಂದಕ್ಕೆ ಇಳಿದಿದ್ದರೆ ಗ್ಲೈಫೋಸೇಟ್ ಪೀಕೂ ಅಷ್ಟೇ ಇಳಿದಿರುತ್ತದೆ, ನೀವು ಬರೆದುಕೊಂಡ ಎಲ್‌ಒಕ್ಯೂ ಆ ನೀರಿಗೆ ಹೊಂದುವುದಿಲ್ಲ.

ನಲ್ಲಿ ನೀರಿಗೆ ಇನ್ನೊಂದು ಎಚ್ಚರ: ಕ್ಲೋರಿನ್ ಗ್ಲೈಫೋಸೇಟನ್ನು ಒಡೆಯುತ್ತದೆ. ಸೋಡಿಯಂ ಥಯೋಸಲ್ಫೇಟ್ ಬಾಟಲಿಯಲ್ಲಿ ಮೊದಲೇ ಇರಬೇಕು, ಲ್ಯಾಬ್‌ಗೆ ಬಂದಮೇಲೆ ಹಾಕಿ ಪ್ರಯೋಜನವಿಲ್ಲ.