ಹತ್ತೊಂಬತ್ತು ಚೀಟಿ

1996ರ ಮಳೆಗಾಲ. ಧಾರವಾಡದ ಜಿಟಿಜಿಟಿ ಮಳೆಗೆ ನೆನೆದ ಕೊಡೆಗಳನ್ನು ಬಾಗಿಲ ಬಳಿ ಒರಗಿಸಿ ಕೂತಿದ್ದೆವು. ಸಂವಿಧಾನ ಕಲಿಸುತ್ತಿದ್ದ ನಮ್ಮ ಸರ್ ಅಂದು ಪುಸ್ತಕ ತರಲಿಲ್ಲ, ಚೀಟಿ ತಂದಿದ್ದರು. ಹತ್ತೊಂಬತ್ತು ಜನರಿಗೆ ಹಂಚಿ, ‘ಮುಖ್ಯಮಂತ್ರಿಗೆ ನನ್ನ ಬೆಂಬಲವಿಲ್ಲ’ ಎಂದು ಬರೆಸಿ ಸಹಿ ಹಾಕಿಸಿದರು. ಆಮೇಲೆ ನಮ್ಮಲ್ಲಿ ಏಳು ಮಂದಿಗೆ, ಬೆಂಬಲ ಇದೆ ಎಂದು ಇನ್ನೊಂದು ಚೀಟಿ ಬರೆಯಲು ಹೇಳಿದರು.

“ಈಗ ಹೇಳ್ರಿ, ಸರ್ಕಾರ ಐತೋ, ಬಿತ್ತೋ?”

ಕ್ಲಾಸು ಸುಮ್ಮನಾಯಿತು.

1989ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇದೇ. 19 ಶಾಸಕರ ಪತ್ರ ನಂಬಿ ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಅವರಲ್ಲಿ 7 ಮಂದಿ ಹಿಂದೆ ಸರಿದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದರು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ಕರೆಯಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಿನಲ್ಲೂ ಸೋಲಾಯಿತು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು.

ಸರ್ ಒಂದಿಡೀ ಪೀರಿಯಡ್ಡು ಪಾಠ ಮಾಡಿದ್ದು 74(2)ನೇ ವಿಧಿಯ ಮೇಲೆ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತೆಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ. ಹಾಗಾದರೆ ರಾಷ್ಟ್ರಪತಿ ಆಳ್ವಿಕೆ ಹೇರಲು ಬಳಸುವ 356ನೇ ವಿಧಿಗೆ ಕಡಿವಾಣ ಹಾಕುವುದು ಹೇಗೆ? ಪೀಠ ಆ ಸಲಹೆಯನ್ನು ಮುಟ್ಟಲಿಲ್ಲ. ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ನಾವು ನೋಡಬಹುದು ಎಂದಿತು. ಎಂಥ ಸೂಕ್ಷ್ಮ ಓದು! ಬಹುಮತ ಗೊತ್ತಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದೂ, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದೂ ಹೇಳಿತು.

ನನಗೆ ಸಿಟ್ಟು ಬಂದಿತ್ತು. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರವೇ ಬಂದಿತ್ತಲ್ಲ.

“ಐದು ವರ್ಷ ಆದಮ್ಯಾಲೆ ಗೆದ್ದು ಏನ್ ಬಂತು ಸರ್?”

“ಅವರಿಗೆ ಬರಲಿಲ್ಲ, ಖರೆ. ಮುಂದಿನವರಿಗೆ ಬರತೈತಿ, ನೋಡವಾ.”

ಅಂದು ಸಮಾಧಾನವಾಗಲಿಲ್ಲ. ಆ ವಿಳಂಬ ಅನ್ಯಾಯವೇ ಎಂದು ವಕೀಲಳಾಗಿ ಇಂದಿಗೂ ನಂಬಿದ್ದೇನೆ.

2018ರ ಮೇ 18. ಕರ್ನಾಟಕದ ಹೊಸ ಮುಖ್ಯಮಂತ್ರಿಗೆ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳನ್ನು ಸುಪ್ರೀಂ ಕೋರ್ಟು ಒಂದೇ ದಿನಕ್ಕೆ ಇಳಿಸಿತು: ನಾಳೆ ಸಂಜೆ 4 ಗಂಟೆಗೆ, ಸದನದಲ್ಲಿ. ಮರುದಿನ ನಾಲ್ಕಕ್ಕೆ ಸ್ವಲ್ಪ ಮುಂಚೆ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ವರ್ಷಗಳಾಗಿದ್ದವು.

“ಟೀವಿ ನೋಡಾಕತ್ತೇನವಾ, ಆಮ್ಯಾಲೆ ಮಾತಾಡೂಣು,” ಎಂದು ಇಟ್ಟುಬಿಟ್ಟರು.