ಕ್ಲಿಯರ್ ಅಡಿಯ ಬಿಳಿ ಹುಳ

ಸುರತ್ಕಲ್ ಕಡಲಿನಿಂದ ಕೂಗಳತೆಯಲ್ಲಿ ಆರು ಮಳೆಗಾಲ ಕಂಡ ಕಾರು. 16 ಇಂಚಿನ ನಾಲ್ಕು ಅಲ್ಯೂಮಿನಿಯಂ ಅಲಾಯ್ ವೀಲ್, ಮುಖ ಡೈಮಂಡ್ ಕಟ್, ಅಂದರೆ ಲೇತ್ ಮೇಲೆ ಹೊಳೆಯುವಂತೆ ಕತ್ತರಿಸಿದ್ದು. ಎಡಬದಿಯ ಹಿಂದಿನ ಟಯರಿನಲ್ಲಿ ವಾರಕ್ಕೆ ನಾಲ್ಕೈದು ಪಿಎಸ್‌ಐ ಗಾಳಿ ಇಳಿಯುತ್ತಿತ್ತು. ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಎಷ್ಟು ಸಲ ಮುಳುಗಿಸಿದರೂ ಮೊಳೆಯೂ ಇಲ್ಲ, ತೂತೂ ಇಲ್ಲ. ಜನವರಿಯ ಒಂದು ಶನಿವಾರ ಟಯರ್ ಬಿಚ್ಚಿದಾಗ ಕಾರಣ ಸಿಕ್ಕಿತು: ಟಯರಿನ ಅಂಚು ಕೂರುವ ಜಾಗದಲ್ಲಿ ಸುತ್ತಲೂ ಸುಣ್ಣದಂಥ ಬಿಳಿ ಹೊಪ್ಪಳಿಕೆ. ಗಾಳಿ ಸೋರುತ್ತಿದ್ದದ್ದು ರಬ್ಬರಿನಿಂದಲ್ಲ, ಲೋಹ ಎದ್ದುಬಂದ ಸಂದಿನಿಂದ.

ಹೊರಮುಖದ ಮೇಲೂ ಅದೇ ರೋಗ, ಆದರೆ ರೂಪ ಬೇರೆ. ಕ್ಲಿಯರ್, ಅಂದರೆ ಎಲ್ಲಕ್ಕೂ ಮೇಲೆ ಹೊಡೆಯುವ ಪಾರದರ್ಶಕ ಪದರದ ಅಡಿಯಲ್ಲಿ ಹುಳ ಹರಿದಂತೆ ಅಂಕುಡೊಂಕಾದ ಬಿಳಿ ಗೆರೆಗಳು. ಕಲ್ಲು ಸಿಡಿದು ಕ್ಲಿಯರ್ ಚೂರು ಎದ್ದ ಕಡೆ ಉಪ್ಪಿನ ಕಣ ಒಳಹೊಕ್ಕು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗೆರೆಯ ತಲೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಆಮ್ಲ ಹುಟ್ಟುತ್ತದೆ, ಅಲ್ಲಿ ಅಲ್ಯೂಮಿನಿಯಂ ಕರಗುತ್ತದೆ. ಬಾಲದಲ್ಲಿ ಬಿಳಿ ಪುಡಿ ಉಳಿಯುತ್ತದೆ. ತಲೆ ಕ್ಲಿಯರನ್ನು ಎತ್ತಿಕೊಂಡು ಮುಂದೆ ಹೋಗುತ್ತದೆ. ಡೈಮಂಡ್ ಕಟ್‌ನಲ್ಲಿ ಇದು ಬೇಗ ಬರುವುದಕ್ಕೂ ಕಾರಣವಿದೆ. ಲೇತ್ ಮೇಲೆ ಮುಖದ ಬಣ್ಣ, ಪ್ರೈಮರ್ ಎಲ್ಲ ಕತ್ತರಿಸಿ ತೆಗೆದು ಬರೀ ಲೋಹದ ಮೇಲೆ ಕ್ಲಿಯರ್ ಹೊಡೆದಿರುತ್ತಾರೆ. ಕತ್ತರಿಸಿದ ಅಂಚು ಚೂಪು. ಹಸಿ ಕ್ಲಿಯರ್ ಚೂಪಾದ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ಮತ್ತೆ ಲೇತಿಗೆ ಕೊಡಬಹುದು. ಆದರೆ ಪ್ರತಿ ಸಲವೂ ಲೋಹ ಸವೆಯುತ್ತದೆ, ಅದೇ ಚೂಪು ಅಂಚು, ಅದೇ ಬರಿಲೋಹ ಮರಳಿ ಬರುತ್ತದೆ. ಶೋರೂಮಿನ ಹೊಳಪು ಬೇಕೆನ್ನುವವರು ಬೆಂಗಳೂರಿನಲ್ಲಿರಲಿ. ಪಣಂಬೂರಿನಿಂದ ಮಲ್ಪೆವರೆಗಿನ ಈ ಉಪ್ಪುಗಾಳಿಗೆ ಇಡೀ ವೀಲ್‌ಗೆ ಪ್ರೈಮರ್ ಕೊಟ್ಟು ಸಿಲ್ವರ್ ಹೊಡೆಯುವುದೇ ಬುದ್ಧಿ.

ಕೆಲಸಕ್ಕೆ ಮುಂಚೆ ಬಿರುಕಿನ ಪರೀಕ್ಷೆ. ಹೆದ್ದಾರಿ 66ರ ಮಳೆಗಾಲದ ಹೊಂಡ ಕಂಡವರಿಗೆ ಇದು ಯಾಕೆಂದು ಹೇಳಬೇಕಿಲ್ಲ. ಒಳಬದಿಯ ಬ್ಯಾರೆಲ್‌ಗೆ (ಟಯರ್ ಸುತ್ತಿಕೊಳ್ಳುವ ಪೀಪಾಯಿಯಂಥ ಭಾಗ) ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನಿಂದ ಎಣ್ಣೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಕಂಡರೆ ಆ ವೀಲ್ ಗುಜರಿಗೆ. ಬೆಸುಗೆ ಹಾಕಿಸಿ ಓಡಿಸುವವರಿದ್ದಾರೆ. ಶಾಖ ಕೊಟ್ಟು ಹದಗೊಳಿಸಿದ ಎರಕ ಬೆಸುಗೆಯ ಪಕ್ಕದಲ್ಲಿ ಮೆತ್ತಗಾಗುತ್ತದೆ, ಅದನ್ನು ನಂಬಲಾಗದು. ನಾಲ್ಕರಲ್ಲೂ ಗೆರೆ ಬರಲಿಲ್ಲ.

ತೊಳೆಯುವಾಗ ಆಗುವ ತಪ್ಪುಗಳು ಮೂರು. ಒಂದು ಕಾಸ್ಟಿಕ್: ಕಬ್ಬಿಣದ ಗೇಟಿನ ಬಣ್ಣ ಕೀಳುವ ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಮೇಲೆ ಬಿದ್ದರೆ ಬುಸುಗುಟ್ಟಿ ಲೋಹವನ್ನೇ ತಿನ್ನುತ್ತದೆ. ಎರಡು, ಕೆಲವು ವಾಷಿಂಗ್ ಶೆಡ್ಡುಗಳ ಆ್ಯಸಿಡ್. ಮೂರು, ಕಬ್ಬಿಣದ ವೈರ್ ಬ್ರಷ್: ಅದರ ಕಣ ಮೆತ್ತಗಿನ ಲೋಹದೊಳಗೆ ನಾಟಿ ಮುಂದಿನ ಮಳೆಗಾಲಕ್ಕೆ ಹೊಸ ಹುಳದ ಬೀಜವಾಗುತ್ತದೆ. ನೈಲಾನ್ ಬ್ರಷ್, ಶಾಂಪೂ, ಬ್ರೇಕ್ ಧೂಳಿಗೆ ಐರನ್ ರಿಮೂವರ್ ಸಾಕು. ಅದು ಕಬ್ಬಿಣದ ಕಣ ಕಂಡಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಡದೆ ತೊಳೆಯಬೇಕು.

ಶನಿವಾರ ಪೂರ್ತಿ ಹೋದದ್ದು ಎಮರಿ ಪೇಪರಿಗೆ. ಬಿಳಿ ಗೆರೆ ಎಲ್ಲಿ ಮುಗಿದಂತೆ ಕಾಣುತ್ತದೋ ಅಲ್ಲಿ ಹುಳ ಮುಗಿದಿರುವುದಿಲ್ಲ. ಗೆರೆಯ ತುದಿಯಿಂದ ಆಚೆಗೆ ಒಂದೂವರೆ ಸೆಂಟಿಮೀಟರ್ ಕ್ಲಿಯರ್ ತೆಗೆಯಲೇಬೇಕು. ಸಂಖ್ಯೆ ಏರಿದಂತೆ ಪೇಪರ್ ನಯ: ರೋಗ ಇದ್ದಲ್ಲಿ 80ರ ಪೇಪರ್, ಅದರ ಗೀರು ಹೋಗಲು 180, ಹಳೆಯ ಬಣ್ಣದ ದಂಡೆ ಬೆರಳಿಗೆ ತಾಗದಷ್ಟು ಇಳಿಜಾರಾಗಲು 320. ಕುಳಿಗಳ ತಳದಲ್ಲಿ ಕಪ್ಪು ಚುಕ್ಕೆ ಉಳಿದರೆ ಉಪ್ಪು ಇನ್ನೂ ಅಲ್ಲೇ ಕೂತಿದೆ ಎಂದರ್ಥ. ಹೊಳೆಯುವ ಲೋಹ ಕಾಣುವ ತನಕ ಕೆರೆಯಬೇಕು. ವೀಲ್‌ನ ಕಡ್ಡಿಗಳ (ಸ್ಪೋಕ್) ಚೂಪು ಅಂಚನ್ನು 320ರಿಂದ ಅರ್ಧ ಮಿಲಿಮೀಟರಿನಷ್ಟು ಉರುಟು ಮಾಡಿದೆವು. ನೋಡಿದರೆ ಗೊತ್ತೇ ಆಗದ ಕೆಲಸ ಇದು, ಆದರೆ ಬಾಳಿಕೆಯ ಅರ್ಧಪಾಲು ಇಲ್ಲಿದೆ ಮಾರಾಯ್ರೆ.

ಫುಟ್‌ಪಾತಿಗೆ ಉಜ್ಜಿದ ವೀಲ್ ತುಟಿಯ, ಅಂದರೆ ಹೊರ ಅಂಚಿನ, ಗಾಯಗಳಿಗೆ, ಆಳ ಒಂದು ಮಿಲಿಮೀಟರಿನೊಳಗೆ ಇದ್ದರೆ, ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ ಪುಟ್ಟಿ. ಕಾರಿನ ಮೈಗೆ ಹಾಕುವ ಮಾಮೂಲು ಪುಟ್ಟಿ ಬೇಡ, ಬ್ರೇಕಿನ ಶಾಖಕ್ಕೆ ಎದ್ದುಬರುತ್ತದೆ. ಟಯರ್ ಕೂರುವ ಜಾಗಕ್ಕಂತೂ ಯಾವ ಪುಟ್ಟಿಯೂ ಇಲ್ಲ. ಅಲ್ಲಿ ಸ್ಕಾಚ್‌ಬ್ರೈಟಿನಿಂದ ನುಣುಪು ಮಾಡುವುದಷ್ಟೆ.

ಟಯರ್ ಬಿಚ್ಚದೆ ಅಂಚಿಗೆ ಇಸ್ಪೀಟು ಎಲೆ ಸಿಕ್ಕಿಸಿ ಬಣ್ಣ ಹೊಡೆಯುವ ಉಪಾಯ ಎಲ್ಲರಿಗೂ ಗೊತ್ತು. ಫೋಟೋಗೆ ಚೆಂದ. ರಬ್ಬರಿನ ಮರೆಯ ಅಂಚು ಮಾತ್ರ ಹಾಗೇ ತೆರೆದಿರುತ್ತದೆ, ಹುಳ ಅಲ್ಲಿಂದಲೇ ಹೊರಗೆ ಹೊರಡುತ್ತದೆ.

ಇನ್ನು ನೀರು. ಕಡಲಂಚಿನ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಬೇಸಿಗೆ ಹತ್ತಿರವಾದಂತೆ ಉಪ್ಪು ಏರುತ್ತದೆ. ಇಷ್ಟೆಲ್ಲ ಕೆರೆದು ಕೊನೆಗೆ ಆ ನೀರಿನಲ್ಲೇ ತೊಳೆದರೆ ಶತ್ರುವನ್ನು ಕರೆದು ಕೂರಿಸಿದಂತೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಐದು ಲೀಟರಿನ ಎರಡು ಕ್ಯಾನ್ ನಾಲ್ಕು ವೀಲ್‌ಗೆ ಸಾಕಾಯಿತು. ಆಮೇಲೆ ಹಾಟ್ ಏರ್ ಗನ್ ಹಿಡಿದು, ಕೈ ತಾಗಿಸಲಾಗದಷ್ಟು ಬಿಸಿ ಮಾಡಿ ಒಣಗಿಸಿದ್ದು. ಎರಕದ ಸೂಕ್ಷ್ಮ ರಂಧ್ರಗಳು ನೀರು ಕುಡಿದಿರುತ್ತವೆ, ಬಿಸಿಲಿಗಿಟ್ಟರಷ್ಟೇ ಬಿಡುವುದಿಲ್ಲ. ತಣಿದ ಕೂಡಲೇ ಎಪಾಕ್ಸಿ ಪ್ರೈಮರ್, ತೆಳ್ಳಗೆ ಎರಡು ಪದರ. ನಾಲ್ಕಕ್ಕೂ ಸೇರಿ ಸುಮಾರು ಅರ್ಧ ಲೀಟರ್. ಅದರ ಅಡಿಗೆ ಆ್ಯಸಿಡ್ ಇರುವ ಎಚ್ (etch) ಪ್ರೈಮರ್ ಬೇಡ, ಉಳಿದ ಆಮ್ಲ ಎಪಾಕ್ಸಿ ಗಟ್ಟಿಯಾಗುವುದನ್ನು ಕೆಡಿಸುತ್ತದೆ. ನಟ್ ಕೂರುವ ರಂಧ್ರಗಳಿಗೆ ಮಕ್ಕಳ ಗಾಜಿನ ಗೋಲಿ ಇಟ್ಟದ್ದು, ವೀಲ್ ಕೂರುವ ಹಬ್‌ಗೆ ತಾಗುವ ಹಿಂಬದಿಗೆ ಟೇಪ್. ಅಲ್ಲಿ ಬಣ್ಣ ಕೂತರೆ ಓಡಿದಂತೆ ಅಮುಕಿ ತೆಳ್ಳಗಾಗುತ್ತದೆ, ನಟ್ ಸಡಿಲಾಗುತ್ತದೆ.

ಬಣ್ಣ ಹೊಡೆದದ್ದು ಬೈಕಂಪಾಡಿಯ ಒಂದು ಶೆಡ್‌ನಲ್ಲಿ, ಭಾನುವಾರ. ಟೂ-ಪ್ಯಾಕ್ ಕ್ಲಿಯರ್ ಎಂದರೆ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸಿ ಹೊಡೆಯುವಂಥದ್ದು, ಆ ಹಾರ್ಡ್‌ನರ್‌ನಲ್ಲಿ ಉಸಿರಾಟಕ್ಕೆ ಅಪಾಯದ ಐಸೋಸಯನೇಟ್ ಇರುತ್ತದೆ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಬೇಕು. ಆ ಸೌಕರ್ಯ ಇಲ್ಲದವರು ಈ ಹಂತವನ್ನು ಪೇಂಟರಿಗೇ ಬಿಡಲಿ. ಪ್ರೈಮರನ್ನು 400ರ ನೀರುಪೇಪರಿನಿಂದ, ಅದೂ ಡಿಸ್ಟಿಲ್ಡ್ ನೀರಿನಲ್ಲೇ, ತಿಕ್ಕಿ ಒಣಗಿಸಿ, ಹತ್ತು ನಿಮಿಷದ ಅಂತರದಲ್ಲಿ ಸಿಲ್ವರ್ ಮೂರು ತೆಳು ಪದರ. ಮೇಲೆ ಕ್ಲಿಯರ್ ಎರಡು. ಡಬ್ಬದಲ್ಲಿ ಬರೆದಂತೆ ಎರಡಕ್ಕೆ ಒಂದು ಹಾರ್ಡ್‌ನರ್, 1.3 ಮಿಲಿಮೀಟರ್ ನಾಝಲ್. ಮೊದಲು ಕಡ್ಡಿಗಳ ಪಕ್ಕ ಮತ್ತು ಅಂಚು, ಕೊನೆಗೆ ಮುಖ. ಮುಖದಿಂದ ಶುರು ಮಾಡಿದವರು ಅಂಚಿಗೆ ಬರುವಷ್ಟರಲ್ಲಿ ಮುಖದ ಮೇಲೆ ಕ್ಲಿಯರ್ ಇಳಿದಿರುತ್ತದೆ.

ಜನವರಿಯಲ್ಲಿ ಇಲ್ಲಿ ಬೆಳಿಗ್ಗೆ ಇಬ್ಬನಿ, ಅದು ಆರಿದ ಮೇಲೆ ಮೂಡಣದ ಒಣಗಾಳಿ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ. ನಡುವಿನ ಮೂರು ತಾಸೇ ಬಣ್ಣದ ಮುಹೂರ್ತ. ಮೂರು ವೀಲ್ ಅಷ್ಟರಲ್ಲಿ ಮುಗಿದವು. ನಾಲ್ಕನೆಯದರ ಕ್ಲಿಯರ್ ಊಟದ ನಂತರಕ್ಕೆ ಉಳಿಯಿತು, ಹೊಡೆದ ಹತ್ತು ನಿಮಿಷಕ್ಕೆ ಹಾಲು ಚೆಲ್ಲಿದಂತೆ ಮಬ್ಬಾಯಿತು. ಥಿನ್ನರ್ ಆರುವಾಗ ಮೇಲ್ಮೈ ತಣಿಯುತ್ತದೆ, ತೇವದ ಗಾಳಿಯ ನೀರು ಅಲ್ಲಿ ಕೂರುತ್ತದೆ. ಬೇಗ ಆರುವ ಥಿನ್ನರ್ ಹಾಕಿದ್ದು ಇನ್ನೂ ಕೆಟ್ಟದಾಯಿತು. ಕಂಪ್ರೆಸರಿನ ತಳ ಬಿಚ್ಚಿದರೆ ಅಲ್ಲೂ ಒಂದು ಲೋಟ ನೀರು. ಮುಂದಿನ ಭಾನುವಾರ ಅದೊಂದನ್ನು 600ರಲ್ಲಿ ತಿಕ್ಕಿ, ಟ್ಯಾಂಕ್ ಖಾಲಿ ಮಾಡಿ, ನಿಧಾನದ ಥಿನ್ನರಿನಲ್ಲಿ ಹನ್ನೊಂದು ಗಂಟೆಗೆ ಮತ್ತೆ ಹೊಡೆದದ್ದಾಯಿತು.

ಪೌಡರ್ ಕೋಟಿಂಗ್ ಯಾಕಲ್ಲ ಎಂದು ಕೇಳುವವರಿಗೆ: ಗಟ್ಟಿ ಹೌದು. ಆದರೆ 180ರಿಂದ 200 ಡಿಗ್ರಿಯಲ್ಲಿ ಬೇಯಬೇಕು, ಹಳೆಯ ಎರಕದ ರಂಧ್ರಗಳಿಂದ ಗಾಳಿ ಹೊರಟು ಸೂಜಿಮೊನೆಯ ತೂತು ಬೀಳುತ್ತದೆ. ಮೊದಲೇ ಒಂದು ಸಲ ಖಾಲಿ ಕಾಯಿಸಿ ಗಾಳಿ ಬಿಡಿಸುವ ಪೇಂಟರ್ ಸಿಕ್ಕರೆ ಕೊಡಿ. ಅತಿಯಾಗಿ, ಪದೇ ಪದೇ ಕಾಯಿಸಿದರೆ ಲೋಹದ ಹದವೂ ಇಳಿಯುತ್ತದೆ.

ಟಯರ್ ಹಾಕಿಸಿದ್ದು ಕೊನೆಯ ಪದರದಿಂದ ಒಂದು ವಾರ ಬಿಟ್ಟು. ಯಂತ್ರದ ದವಡೆಗೆ ಪ್ಲಾಸ್ಟಿಕ್ ಕವಚ, ಹೊಸ ವಾಲ್ವ್. ಬ್ಯಾಲೆನ್ಸಿಂಗಿಗೆ ಅಂಚಿಗೆ ಬಡಿಯುವ ತೂಕ ಬೇಡ, ಒಳಬದಿಗೆ ಅಂಟಿಸುವುದು ಮಾತ್ರ. ಸುತ್ತಿಗೆಯ ಒಂದು ಏಟಿಗೆ ಕ್ಲಿಯರ್ ಒಡೆದು ಹುಳದ ಬಾಗಿಲು ಅಲ್ಲೇ ತೆರೆಯುತ್ತದೆ. ನಟ್‌ಗಳನ್ನು ಕಾರಿನ ಪುಸ್ತಕ ಹೇಳಿದ ಟಾರ್ಕ್‌ಗೆ ಬಿಗಿದು, ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿದ್ದು. ಎರಡು ನಟ್‌ಗಳು ಕಾಲು ಸುತ್ತಿನಷ್ಟು ತಿರುಗಿದವು. ಎಡ ಹಿಂದಿನದರ ಗಾಳಿ ಮೂರು ವಾರಕ್ಕೆ ಅಲ್ಲಾಡಿಲ್ಲ. ಉಳಿದ ಕ್ಲಿಯರ್ ಡಬ್ಬ, ಹಾರ್ಡ್‌ನರ್ ಬೇರೆಯಾಗಿ, ಕಪಾಟಿನಲ್ಲಿದೆ. ಮೇ ಕೊನೆಗೆ ವೀಲ್ ತೊಳೆದು ಕಲ್ಲೇಟು ಹುಡುಕಿ, ಮಳೆ ಹಿಡಿಯುವ ಮೊದಲು ಬೆಂಕಿಕಡ್ಡಿಯ ತುದಿಯಿಂದ ಒಂದೊಂದು ಹನಿ ಇಡುವುದಕ್ಕೆ.